‘ಯಾಕೆಂದರೆ’ ಹೊಡೆದುಹಾಕಿ ಬರೆದ ಪುಟಗಳು

ಮೊದಲ ದಿನ ಬರೆದದ್ದು ನಮ್ಮೂರಿನ ಬಸ್ಸಿನ ಮಲಯಾಳ ಬೋರ್ಡಿನ ಬಗ್ಗೆ. ಮೂರನೆಯ ಸಾಲಿಗೇ 1956 ಬಂದುಬಿಟ್ಟಿತು. ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದಕ್ಕಾಗಿ ಕೇಂದ್ರ ನೇಮಿಸಿದ ಮಹಾಜನ ಆಯೋಗ ಆಮೇಲೆ ಹೇಳಿದ್ದು, ಆ ಮಾತು ಕಡತದಲ್ಲೇ ಉಳಿದದ್ದು, ಎಲ್ಲವೂ ತಡೆಯಿಲ್ಲದೆ ಹರಿದು ಬಂತು. ಪುಟ ತುಂಬಿತು. ಅದರಲ್ಲಿ ಬಸ್ಸು ಮಾತ್ರ ಇರಲಿಲ್ಲ.

ಬದಿಯಡ್ಕದ ಸಮೀಪದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವ್ಯಾಕರಣ ಹೇಳಿಕೊಟ್ಟು ನಿವೃತ್ತಳಾದವಳು ನಾನು. ತತ್ತ್ವಶಾಸ್ತ್ರ ನನ್ನ ವಿಷಯವಲ್ಲ. ಅಕ್ಕನ ಮಗ ಅದರಲ್ಲಿ ಎಂ.ಎ. ಓದುತ್ತಿದ್ದಾನೆ, ಓಣಂ ರಜೆಗೆ ಬಂದವನು ಪುಸ್ತಕಗಳ ಒಂದು ಕಟ್ಟನ್ನು ಚಾವಡಿಯಲ್ಲಿ ಬಿಟ್ಟುಹೋದ. ಫಿನಾಮಿನಾಲಜಿ ಎಂಬ ಮಾತನ್ನು ನಾನು ಕೇಳಿದ್ದೇ ಆಗ. ಕಣ್ಣೆದುರು ತೋರುವುದನ್ನು ಅದು ತೋರುವ ಹಾಗೆಯೇ ಹಿಡಿಯುವ ಶಾಸ್ತ್ರ ಎಂದು ಅರ್ಥಮಾಡಿಕೊಂಡೆ. “ಚಿಕ್ಕಮ್ಮ, ಇದನ್ನು ಓದಿದರೆ ಏನೂ ಸಿಗುವುದಿಲ್ಲ, ದಿನಕ್ಕೊಂದು ಪುಟ ಬರೆದು ನೋಡಬೇಕು” ಎಂದಿದ್ದ. ಬರೆದೆ.

ನನಗೆ ದಾರಿ ತೋರಿಸಿದ್ದು ಈ ಶಾಸ್ತ್ರಕ್ಕೆ ಬುನಾದಿ ಹಾಕಿದ ಹುಸೆರ್ಲ್. ಮೂಲದಲ್ಲಿ ಆತ ಗಣಿತದವನು. 1913ರಲ್ಲಿ ಬಂದ ಗ್ರಂಥದಲ್ಲಿ ಅವನು ಹೇಳುವುದು ಇಷ್ಟು: ಲೋಕದ ಬಗ್ಗೆ ನಾವು ಮೊದಲೇ ನಂಬಿಕೊಂಡದ್ದನ್ನು ಅಲ್ಲಗಳೆಯಬೇಡಿ, ಒಪ್ಪಲೂ ಬೇಡಿ, ಆವರಣದೊಳಗೆ ಹಾಕಿಡಿ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಕರಿಹಲಗೆಯಲ್ಲಿ ಎಳೆಯುತ್ತಿದ್ದ ಆವರಣ ಚಿಹ್ನೆಯೇ ಇದು. ಆದರೆ ಹುಸೆರ್ಲ್‌ನ ಆವರಣದಲ್ಲಿ ಒಳಗೆ ಹಾಕಿದ್ದು ಅಳಿಸಿಹೋಗುವುದಿಲ್ಲ, ಸದ್ಯಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸರಿ, ನಾನೂ 1956ನ್ನು ಆವರಣದೊಳಗೆ ಹಾಕಿದೆ. ಮೇಷ್ಟ್ರಿಕೆಯ ಕೆಂಪು ಪೆನ್ನು ಹೇಗೂ ಇತ್ತು. ‘ಯಾಕೆಂದರೆ’, ‘ಆದ್ದರಿಂದ’, ‘ಎಲ್ಲರೂ’, ‘ಯಾವಾಗಲೂ’ ಎಂಬ ನಾಲ್ಕು ಮಾತುಗಳು ಎಲ್ಲಿ ಬಂದರೂ ಹೊಡೆದುಹಾಕತೊಡಗಿದೆ. ಮೊದಲ ವಾರ ಪುಟಗಳೆಲ್ಲ ಕೆಂಪಾದವು. ಉಳಿದ ಸಾಲುಗಳು ನಾಲ್ಕೋ ಐದೋ.

ಆ ಉಳಿದ ಸಾಲುಗಳಲ್ಲೇ ಒಂದು ವಿಷಯ ಕಂಡಿತು. ‘ನನಗೆ ಹಸಿವಾಯಿತು’, ‘ನನಗೆ ನೆನಪಾಯಿತು’, ‘ನನಗೆ ಬೇಸರ ಬಂತು’. ಇಲ್ಲೆಲ್ಲ ಹಸಿವು, ನೆನಪು, ಬೇಸರಗಳೇ ಕರ್ತೃಗಳು. ನಾನು ಚತುರ್ಥಿ ವಿಭಕ್ತಿಯಲ್ಲಿ ಬಾಗಿಲ ಬಳಿ ನಿಂತಿರುವವಳು, ಅವು ನನ್ನಲ್ಲಿಗೆ ಬರುತ್ತವೆ. ಇದನ್ನು ನೂರಾರು ಮಕ್ಕಳಿಗೆ ಉದಾಹರಣೆ ಕೊಟ್ಟು ಪಾಠ ಮಾಡಿದ್ದೇನೆ, ಪರೀಕ್ಷೆಗೆ ಪ್ರಶ್ನೆ ಹಾಕಿದ್ದೇನೆ. ಒಮ್ಮೆಯೂ ಅದನ್ನು ನೋಡಿರಲಿಲ್ಲ.

ಎರಡನೆಯ ತಿಂಗಳಲ್ಲಿ ಹೆರೆಮಣೆಯ ಪುಟ ಬರೆದೆ. ಬರೆಯುವ ಮೊದಲು ನಾಲ್ಕು ದಿನ ಸುಮ್ಮನೆ ತೆಂಗಿನಕಾಯಿ ಹೆರೆದೆ. ಹೆರೆಯುವಾಗ ನನ್ನ ಗಮನದಲ್ಲಿ ಹೆರೆಮಣೆ ಇರುವುದಿಲ್ಲ. ತೆಂಗಿನಕಾಯಿಯೂ ಅಷ್ಟಾಗಿ ಇರುವುದಿಲ್ಲ. ಇರುವುದು ಕೊದಿಲು ಎಂಬ ನಮ್ಮ ಕಡೆಯ ಸಾಂಬಾರು: ಮಧ್ಯಾಹ್ನಕ್ಕೆ ಎಷ್ಟು ಮಂದಿ, ಹಲಸಿನ ಗುಜ್ಜೆ ಬೆಂದಿತೇ ಎಂಬುದು. ಅಂಗೈ ಕಾಯಿಗಡಿಯನ್ನು ತಿರುಗಿಸುತ್ತದೆ, ಕಾಲು ಮಣೆಯನ್ನು ಒತ್ತಿ ಹಿಡಿಯುತ್ತದೆ, ಎರಡಕ್ಕೂ ನಾನು ಅಪ್ಪಣೆ ಕೊಟ್ಟಿಲ್ಲ. ನಾಲ್ಕನೆಯ ದಿನ ಹಲ್ಲು ಮೊಂಡಾದದ್ದು ಕೈಗೆ ಗೊತ್ತಾಯಿತು. ಆ ಕ್ಷಣಕ್ಕೆ ಹೆರೆಮಣೆ ಎದ್ದು ಬಂದು ಕಣ್ಣೆದುರು ಕುಳಿತಿತು: ಮರದ ಬಿರುಕು, ಕಬ್ಬಿಣದ ತುಕ್ಕು, ಒಂದು ಬದಿಗೆ ವಾಲಿದ ಕಾಲು. ಜರ್ಮನ್ ತತ್ತ್ವಜ್ಞಾನಿ ಹೈಡೆಗರ್ 1927ರ ಗ್ರಂಥದಲ್ಲಿ ಸುತ್ತಿಗೆಯನ್ನು ಹಿಡಿದು ಹೇಳಿದ್ದೂ ಇದನ್ನೇ ಎಂದು ಆಮೇಲೆ ತಿಳಿಯಿತು. ಚೆನ್ನಾಗಿ ಕೆಲಸಮಾಡುವ ಉಪಕರಣ ಕೆಲಸದಲ್ಲಿ ಕರಗಿ ಮರೆಯಾಗುತ್ತದೆ, ಕೆಟ್ಟಾಗ ಮಾತ್ರ ವಸ್ತುವಾಗಿ ಕಾಣುತ್ತದೆ. ಮೊದಲು ಓದಿ ಆಮೇಲೆ ಹೆರೆದಿದ್ದರೆ ಅವನ ಸುತ್ತಿಗೆಯನ್ನೇ ನನ್ನ ಮಣೆಯಲ್ಲಿ ಹುಡುಕುತ್ತಿದ್ದೆನೇನೋ. ಈ ಒಂದು ಕಾರಣಕ್ಕೆ, ಪುಸ್ತಕವನ್ನು ಪುಟಕ್ಕಿಂತ ಮೊದಲು ತೆರೆಯಬಾರದೆಂದು ಇಟ್ಟುಕೊಂಡಿದ್ದೇನೆ. (‘ಕಾರಣಕ್ಕೆ’ ಎಂಬುದೂ ‘ಯಾಕೆಂದರೆ’ಯ ತಮ್ಮನೇ. ಇಲ್ಲಿ ಕೆಂಪು ಪೆನ್ನು ಓಡಿಸುವುದಿಲ್ಲ.)

ಬಸ್ಸಿನ ಬೋರ್ಡಿಗೆ ಮರಳಿದ್ದು ಮಳೆಗಾಲ ಮುಗಿದ ಮೇಲೆ. ಮಲಯಾಳ ಅಕ್ಷರವನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ನನ್ನ ಅತ್ತೆಗೆ ಈಗಲೂ ಬಾರದು. ಬೋರ್ಡು ಅವರಿಗೆ ಹೇಗೆ ಕಾಣುತ್ತದೋ ಹಾಗೆ ನೋಡಬೇಕೆಂದು ಕ್ರಾಸಿನಲ್ಲಿ ನಿಂತು ಎಷ್ಟೋ ಬಾರಿ ಪ್ರಯತ್ನಿಸಿದೆ. ಆಗಲಿಲ್ಲ. ಗೆರೆಗಳನ್ನು ಬರೀ ಗೆರೆಗಳಾಗಿ ನೋಡುವಷ್ಟರಲ್ಲಿ ಕಣ್ಣು ‘ಪೆರ್ಲ’ ಎಂದು ಓದಿ ಮುಗಿಸಿರುತ್ತದೆ. ಕಲಿತ ಅಕ್ಷರವನ್ನು ಮರೆತು ನೋಡುವುದು ನನ್ನಿಂದಾಗದ ಕೆಲಸ. ಕೊನೆಗೆ ಕೇಳಿಯೇಬಿಟ್ಟೆ.

“ಅತ್ತೆ, ಬಸ್ಸಿನ ಬೋರ್ಡು ನಿಮಗೆ ಹೇಗೆ ಕಾಣುತ್ತದೆ?”

“ಯಾವ ಬೋರ್ಡು?”

ಅವರು ಬೋರ್ಡನ್ನು ನೋಡುವುದೇ ಇಲ್ಲ. ತಿರುವಿನ ಆಚೆ ಶಬ್ದವಾದಾಗಲೇ ಚೀಲ ಎತ್ತಿಕೊಳ್ಳುತ್ತಾರೆ. ಅವರಿಗೆ ಕೇಳುವುದು ಶಬ್ದವಲ್ಲ, ಪೆರ್ಲದ ಬಸ್ಸು. ನಾವು ಮೊದಲು ಕೇಳುವುದು ಬರೀ ಸದ್ದನ್ನಲ್ಲ, ಗಾಡಿಯನ್ನು, ಮೋಟಾರ್ ಸೈಕಲ್ಲನ್ನು ಎಂದು ಹೈಡೆಗರ್ ಬರೆದಿದ್ದಾನೆ. ನಾನಾದರೋ ಅವರ ಹೆಸರಿನಲ್ಲಿ ಒಂದು ಪುಟದಷ್ಟು ನೊಂದುಕೊಂಡಿದ್ದೆ, ಅವರನ್ನು ಕೇಳದೆ.

ಹಾಗೆಂದು ಅನ್ಯಾಯವೇ ಇಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಕಣ್ಣಿನ ಆಸ್ಪತ್ರೆಗೆಂದು ಕಾಸರಗೋಡಿಗೆ ಹೋದ ದಿನ ಬಸ್ ನಿಲ್ದಾಣದಲ್ಲಿ ಹತ್ತಾರು ಬಸ್ಸುಗಳು ಒಟ್ಟಿಗೆ ಗುರುಗುಟ್ಟುತ್ತಿದ್ದವು. ಅಲ್ಲಿ ಅವರ ಕಿವಿ ಸೋತಿತು. ಅವರು ತಲೆ ಎತ್ತಿ ಬೋರ್ಡುಗಳ ಕಡೆ ನೋಡಿದರು. ಒಂದರಿಂದ ಒಂದಕ್ಕೆ ನೋಟ ಹೊರಳಿತು. ನನ್ನ ಮೊಣಕೈಯ ಮೇಲೆ ಅವರ ಬೆರಳುಗಳು ಬಿಗಿಯಾದವು. ಆ ದಿನದ ಪುಟದಲ್ಲಿ ಇರುವುದು ಬೆರಳುಗಳಷ್ಟೇ. 1956ನ್ನು ನಾನು ಒಳಗೆ ಬಿಟ್ಟುಕೊಳ್ಳಲಿಲ್ಲ, ಆದರೂ ಅದು ಅಲ್ಲಿ ಇದೆ. ಪೂರ್ತಿಯಾಗಿ ಆವರಣದೊಳಗೆ ಹಾಕುವುದು ಸಾಧ್ಯವಿಲ್ಲ, ಈ ಪ್ರಯತ್ನ ಕಲಿಸುವ ದೊಡ್ಡ ಪಾಠವೇ ಅದು ಎಂದು ಫ್ರೆಂಚ್ ತತ್ತ್ವಜ್ಞಾನಿ ಮೆರ್ಲೋ-ಪೋಂಟಿ 1945ರ ಗ್ರಂಥದ ಮುನ್ನುಡಿಯಲ್ಲಿ ಹೇಳುತ್ತಾನೆ. ಅಕ್ಕನ ಮಗ ಆ ಸಾಲಿಗೆ ಪೆನ್ಸಿಲ್ ಗೆರೆ ಎಳೆದಿದ್ದ. ನಾನದನ್ನು ಓದಿದ್ದು ಆಸ್ಪತ್ರೆಯಿಂದ ಬಂದು ಒಂದು ವಾರಕ್ಕೆ.

ಕಳೆದ ತಿಂಗಳು ಹೆರೆಮಣೆಯ ಪುಟವನ್ನು ಅವನಿಗೆ ಕಳುಹಿಸಲೆಂದು ಶುದ್ಧಪ್ರತಿ ಮಾಡಿ ಇಟ್ಟಿದ್ದೆ. ‘ಕರಟ ಹತ್ತಿರವಾದಾಗ ಸದ್ದು ಬದಲಾಗುತ್ತದೆ, ಅಲ್ಲಿಗೆ ನನ್ನ ಕೈ ತಾನಾಗಿ ನಿಲ್ಲುತ್ತದೆ’ ಎಂಬುದು ಅದರ ಕೊನೆಯ ಸಾಲು. ಮರುದಿನ ಹೆರೆಯುತ್ತಾ ಯಾವುದೋ ಯೋಚನೆಯಲ್ಲಿದ್ದೆ. ಒಳಕೋಣೆಯಲ್ಲಿ ಮಲಗಿದ್ದ ಅತ್ತೆ ಅಲ್ಲಿಂದಲೇ ಹೇಳಿದರು: “ಸಾಕು, ಇನ್ನು ಕರಟ ಬರುತ್ತದೆ.”

ಕೈ ನಿಂತಿತು. ಶುದ್ಧಪ್ರತಿ ತೆಗೆದು ‘ನನ್ನ’ ಎಂಬಲ್ಲಿ ಕೆಂಪು ಗೆರೆ ಎಳೆದೆ. ಅಲ್ಲಿ ಏನು ಬರೆಯಬೇಕೆಂದು ಇನ್ನೂ ಹೊಳೆದಿಲ್ಲ, ಪುಟ ಕಳುಹಿಸಿಲ್ಲ.