ವಸಾರಿ ಮೇಲೆ ಎಲ್ಲರಿಗೂ ಸಿಟ್ಟು: ಬಾಹ್ಯಾಕಾಶ ಯುದ್ಧದ ಆಟಕ್ಕೆ ನಾವು ಮಾಡಿಕೊಂಡ ಮನೆ ನಿಯಮಗಳು

ನಮ್ಮ ಗುಂಪು ಆಡುವ ಕಂಪ್ಯೂಟರ್ ಆಟದ ಪಕ್ಷಗಳಲ್ಲಿ ಜಾಸ್ತಿ ಗೆಲ್ಲುತ್ತಿದ್ದದ್ದು ಟಿಇಸಿ. ಜಾಸ್ತಿ ಬೈಗುಳ ತಿನ್ನುತ್ತಿದ್ದದ್ದು ವಸಾರಿ. ಇದು ಯಾಕೆ ಹೀಗೆ ಅಂತ ಗೊತ್ತಾಗಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಗೊತ್ತಾದ ಮೇಲೆ ನಾವು ಆಡುವ ರೀತಿಯೇ ಬದಲಾಯಿತು. ಗೆಳೆಯರನ್ನು ಕೂರಿಸಿಕೊಂಡು ಇಂಥ ಆಟ ಆಡಿಸುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಆಟದ ಹೆಸರು ಸಿನ್ಸ್ ಆಫ್ ಎ ಸೋಲಾರ್ ಎಂಪೈರ್: ರೆಬೆಲಿಯನ್. ಐರನ್‌ಕ್ಲಾಡ್ ಮಾಡಿದ್ದು, ಸ್ಟಾರ್‌ಡಾಕ್ ಹೊರತಂದದ್ದು. ಮೂಲ ಆಟ 2008ರದ್ದು, ರೆಬೆಲಿಯನ್ 2012ರದ್ದು. ಇದರ ಎರಡನೇ ಭಾಗ 2024ರಲ್ಲಿ ಆಟ ಮಾರುವ ತಾಣ ಸ್ಟೀಮ್‌ಗೆ ಬಂದಿದೆ, ಗ್ರಹಗಳು ಸುತ್ತುತ್ತಲೇ ಇರುತ್ತವೆ, ಚೆನ್ನಾಗಿದೆ. ಆದರೂ ನಾವು ಹಳೆಯದನ್ನೇ ಆಡುತ್ತೇವೆ. ನಮ್ಮಲ್ಲಿ ಕೆಲವರ ಲ್ಯಾಪ್‌ಟಾಪ್ ಹಳೆಯದು, ಮತ್ತು ಹಳೆಯ ಆಟ ಇಂಟರ್ನೆಟ್ ಇಲ್ಲದೆ ಲ್ಯಾನ್‌ನಲ್ಲಿ, ಅಂದರೆ ಮನೆಯೊಳಗಿನ ಕಂಪ್ಯೂಟರ್‌ಗಳನ್ನು ಜೋಡಿಸಿಕೊಂಡು ನಡೆಯುತ್ತದೆ. ಕೊಡಗಿನಲ್ಲಿ ಜೂನ್, ಜುಲೈ ಅಂದರೆ ಗೊತ್ತಲ್ವಾ, ಒಂದು ಮರ ತಂತಿ ಮೇಲೆ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಇನ್ವರ್ಟರ್‌ಗೆ ಒಂದು ರೂಟರ್ ಸಿಕ್ಕಿಸಿದರೆ ನಮ್ಮ ಗ್ಯಾಲಕ್ಸಿ ತಯಾರು. ಕಾಫಿ ಕೊಯ್ಲು ಶುರುವಾದರೆ ಯಾರೂ ಸಿಗುವುದಿಲ್ಲ, ಅರೇಬಿಕಾ ಮುಗಿಯಿತು ಅನ್ನುವಷ್ಟರಲ್ಲಿ ರೊಬಸ್ಟಾ ಬರುತ್ತದೆ. ಹಾಗಾಗಿ ಆಟಕ್ಕೆ ನಮಗಿರುವುದು ಮಳೆಗಾಲ ಒಂದೇ. ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ, ಎಲ್ಲರಿಗೂ ಬರಲು ಅನುಕೂಲ. ಸೋಮವಾರಪೇಟೆಯಿಂದ ಒಬ್ಬ, ಸಿದ್ದಾಪುರ ಕಡೆಯಿಂದ ಒಬ್ಬ, ಮಡಿಕೇರಿಯಿಂದ ಇಬ್ಬರು, ಜೊತೆಗೆ ನನ್ನ ಚಿಕ್ಕಪ್ಪನ ಮಗ.

ಆಡದವರಿಗೆ ಮೂರು ಮಾತಿನಲ್ಲಿ ಹೇಳಿಬಿಡುತ್ತೇನೆ. ಟಿಇಸಿ ಮನುಷ್ಯರ ವ್ಯಾಪಾರಿ ಕೂಟ, ದುಡ್ಡು ಚೆನ್ನಾಗಿ ಹುಟ್ಟುತ್ತದೆ. ಆಡ್ವೆಂಟ್‌ನವರದ್ದು ಮನಸ್ಸಿನ ಶಕ್ತಿ, ಬಲವಾದ ಶೀಲ್ಡ್, ತಮ್ಮ ಸಂಸ್ಕೃತಿಯನ್ನು ಹರಡಿ ನಿಮ್ಮ ಗ್ರಹದ ಜನರನ್ನೇ ನಿಮ್ಮ ಮೇಲೆ ತಿರುಗಿಸುತ್ತಾರೆ. ವಸಾರಿ ಹೊರಗಿನ ಜೀವಿಗಳು, ಅವರ ಫೇಸ್ ಮಿಸೈಲ್ ಕೆಲವೊಮ್ಮೆ ಶೀಲ್ಡ್ ದಾಟಿ ನೇರ ಹಡಗಿಗೇ ಹೊಡೆಯುತ್ತದೆ. ರೆಬೆಲಿಯನ್‌ನಲ್ಲಿ ಈ ಮೂರೂ ಲಾಯಲಿಸ್ಟ್, ರೆಬೆಲ್ ಅಂತ ಒಡೆದು ಆರು ಆಗಿವೆ. ಪ್ರತಿಯೊಂದಕ್ಕೂ ಟೈಟನ್ ಅನ್ನುವ ಒಂದು ದೈತ್ಯ ಹಡಗು ಇದೆ.

ಮೊದಲೆಲ್ಲ ಆಟ ಮುಗಿದ ಮೇಲೆ ಒಂದೇ ಗಲಾಟೆ. ಆ ಪಕ್ಷ ಜಾಸ್ತಿ ಬಲ, ಈ ಪಕ್ಷ ದಂಡ, ಮುಂದಿನ ಸಲ ಅದು ಬೇಡ. ಹೀಗೆ ಬೇಡ ಬೇಡ ಅಂತ ತೆಗೆಯುತ್ತಾ ಹೋದರೆ ಕೊನೆಗೆ ಆಡಲಿಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ನಾನು ತೋಟದ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಆಟದ ಲೆಕ್ಕ ಬರೆಯಲು ಶುರು ಮಾಡಿದೆ. ಯಾರು ಯಾವ ಪಕ್ಷ, ಯಾರು ಗೆದ್ದರು ಅನ್ನುವುದು ಎಲ್ಲರೂ ಬರೆಯುವ ವಿಷಯ. ಅದರ ಜೊತೆ ಸೋತವರಿಗೆ ಎರಡು ಪ್ರಶ್ನೆ ಕೇಳಿ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ಆಟ ಕೈ ಬಿಟ್ಟು ಹೋಯಿತು ಅಂತ ನಿನಗೆ ಅನ್ನಿಸಿದ್ದು ಯಾವಾಗ? ಆಗ ನಿನ್ನ ಕೈಯಲ್ಲಿ ಏನು ಮಾಡಲು ಸಾಧ್ಯ ಇತ್ತು?

ಹಾಳೆ ತುಂಬುತ್ತಾ ಹೋದ ಹಾಗೆ ವಿಷಯ ಸ್ಪಷ್ಟ ಆಯಿತು. ಟಿಇಸಿ ಕೈಯಲ್ಲಿ ಸೋತವರು ಮೊದಲ ಪ್ರಶ್ನೆಗೂ ಉತ್ತರ ಕೊಡುತ್ತಿದ್ದರು, ಎರಡನೆಯದಕ್ಕೂ ಕೊಡುತ್ತಿದ್ದರು. "ಅವನ ಟ್ರೇಡ್ ಪೋರ್ಟ್‌ಗಳಿಗೆ ಮೊದಲೇ ಹೊಡೆಯಬೇಕಿತ್ತು, ನಾನು ಇನ್ನೊಂದು ಗ್ರಹ ಹಿಡಿಯಲು ಹೋದೆ" ಅಂತ ಹೇಳಿ ಮುಂದಿನ ಆಟಕ್ಕೆ ಕೂರುತ್ತಿದ್ದರು. ವಸಾರಿ ಕೈಯಲ್ಲಿ ಸೋತವರು ಎರಡನೇ ಪ್ರಶ್ನೆಗೆ ಸುಮ್ಮನಾಗುತ್ತಿದ್ದರು, ಇಲ್ಲ ಅಂದರೆ ನನ್ನ ಮೇಲೇ ತಿರುಗುತ್ತಿದ್ದರು: "ಅಲ್ಲ ಮಾರಾಯ, ನೀನೇ ಹೇಳು, ನಾನು ಏನು ಮಾಡಬೇಕಿತ್ತು?"

ಅವರು ಹೇಳುತ್ತಿದ್ದದ್ದು ಓರ್ಕುಲಸ್ ಬಗ್ಗೆ. ಅದು ವಸಾರಿಯ ಸ್ಟಾರ್‌ಬೇಸ್, ಅಂದರೆ ಬಾಹ್ಯಾಕಾಶದಲ್ಲಿ ಕಟ್ಟುವ ಕೋಟೆ. 2009ರ ಎಂಟ್ರೆಂಚ್‌ಮೆಂಟ್ ಅನ್ನುವ ವಿಸ್ತರಣೆಯ ಜೊತೆಗೆ ಸ್ಟಾರ್‌ಬೇಸ್‌ಗಳು ಆಟಕ್ಕೆ ಬಂದವು. ಟಿಇಸಿಯ ಆರ್ಗೊನೆವ್, ಆಡ್ವೆಂಟ್‌ನ ಟ್ರಾನ್ಸೆನ್ಸಿಯಾ ಕಟ್ಟಿದ ಜಾಗದಲ್ಲೇ ನಿಂತಿರುತ್ತವೆ, ಕಾವಲಿಗೆ ಒಳ್ಳೆಯವು. ಓರ್ಕುಲಸ್ ಮಾತ್ರ ಆ ಗ್ರಹದ ಸುತ್ತ ನಿಧಾನಕ್ಕೆ ಚಲಿಸುತ್ತದೆ. ಅಂದರೆ ಅದು ಕೋಟೆಯೂ ಹೌದು, ದಾಳಿಯ ಹಡಗೂ ಹೌದು. ಜಾಣ ಆಟಗಾರ ಅದನ್ನು ಬೇಗ ತಂದು ನಿಮ್ಮ ಗ್ರಹದ ಪಕ್ಕವೇ ಕಟ್ಟಿ ತೆವಳಿಸಿಕೊಂಡು ಬಂದು ನಿಮ್ಮ ಲ್ಯಾಬು, ಹಡಗುಕಟ್ಟೆ, ಫಿರಂಗಿ ಎಲ್ಲ ಒಂದೊಂದಾಗಿ ಮುರಿಯುತ್ತಾನೆ. ಆಗ ನಿಮ್ಮಲ್ಲಿ ಇರುವುದು ಸಣ್ಣ ಫ್ರಿಗೇಟ್‌ಗಳು ಮತ್ತು ಶುರುವಿಗೆ ಪುಕ್ಕಟೆ ಸಿಕ್ಕ ಕ್ಯಾಪಿಟಲ್ ಶಿಪ್ ಅನ್ನುವ ಒಂದು ದೊಡ್ಡ ಹಡಗು. ಅಷ್ಟರಲ್ಲಿ ಅದನ್ನು ಕೆಡವುವುದು ಆಗದ ಮಾತು.

ಹಾಗಂತ ಇದಕ್ಕೆ ಮದ್ದೇ ಇಲ್ಲ ಅಂತಲ್ಲ. ಟಿಇಸಿಗೆ ಒಗ್ರೋವ್ ಅನ್ನುವ ಟಾರ್ಪಿಡೊ ಕ್ರೂಸರ್ ಇದೆ, ಕಟ್ಟಡ ಒಡೆಯಲೆಂದೇ ಮಾಡಿದ್ದು. ದೂರದಿಂದ ಹೊಡೆಯುತ್ತದೆ. ಆದರೆ ಅದಕ್ಕೆ ಸಂಶೋಧನೆ ಬೇಕು, ಸಂಶೋಧನೆಗೆ ಲ್ಯಾಬ್‌ಗಳು ಬೇಕು, ಲ್ಯಾಬ್ ಕಟ್ಟಲು ಜಾಗ, ದುಡ್ಡು, ಕ್ರಿಸ್ಟಲ್ ಎಲ್ಲ ಬೇಕು. ಓರ್ಕುಲಸ್ ಬಾಗಿಲಿಗೆ ಬಂದು ನಿಂತ ಹೊತ್ತಿಗೆ ಒಗ್ರೋವ್ ಇನ್ನೂ ಕೈಗೆ ಸಿಕ್ಕಿರುವುದಿಲ್ಲ. ಸಿಟ್ಟು ಹುಟ್ಟುವುದು ಈ ನಡುವಿನ ಹೊತ್ತಿನಲ್ಲಿ. ಸೋಲುತ್ತಿದ್ದೇನೆ ಅಂತ ಗೊತ್ತು, ಮಾಡಲು ಏನೂ ಇಲ್ಲ, ಕೂತು ನೋಡಬೇಕು.

ಇದನ್ನು ನಾನು ಖಡಾಖಂಡಿತ ಹೇಳುತ್ತೇನೆ: ಆರು ಪಕ್ಷಗಳೂ ಸಮ ಸಮ ಗೆಲ್ಲುವ ಹಾಗೆ ಮಾಡಿದರೂ ಈ ಸಿಟ್ಟು ಹೋಗುವುದಿಲ್ಲ. ಗೆಲುವಿನ ಲೆಕ್ಕ ಬೇರೆ, ಕೈಕಟ್ಟಿ ಕೂರುವ ನೋವು ಬೇರೆ. ಹಾಗಾಗಿ ಬಲ ಇದ್ದ ಪಕ್ಷದ ಬಲ ಇಳಿಸುವ ಯೋಚನೆ ಬಿಟ್ಟೆವು. ಎದುರಿನವನಿಗೆ ಉತ್ತರ ಬೇಗ ಸಿಗುವ ಹಾಗೆ ಮಾಡಿದೆವು. ಈ ಆಟದ ಫೈಲ್‌ಗಳನ್ನು ಪಠ್ಯರೂಪಕ್ಕೆ ತಂದುಕೊಂಡರೆ ನೋಟ್‌ಪ್ಯಾಡ್‌ನಲ್ಲೇ ತೆರೆದು ತಿದ್ದಬಹುದು. ಒಗ್ರೋವ್ ಸಂಶೋಧನೆಯನ್ನು ಒಂದು ಹಂತ ಕೆಳಗೆ ತಂದೆ, ಅಂದರೆ ಒಂದು ಲ್ಯಾಬ್ ಕಡಿಮೆ ಇದ್ದರೂ ಸಾಕು. ಆಡ್ವೆಂಟ್‌ನ ಕಟ್ಟಡ ಒಡೆಯುವ ಹಡಗಿಗೂ ಹಾಗೇ ಮಾಡಿದೆ. ಓರ್ಕುಲಸ್‌ನ ಒಂದು ಅಂಕಿಯನ್ನೂ ಮುಟ್ಟಲಿಲ್ಲ. ಮುಂದಿನ ಆಟಗಳಲ್ಲಿಯೂ ವಸಾರಿ ಕೆಲವೊಮ್ಮೆ ಹಾಗೇ ನುಗ್ಗಿ ಗೆದ್ದಿದೆ. ಆದರೆ ಸೋತವನು "ನಾನು ಲ್ಯಾಬ್ ಕಟ್ಟುವುದು ತಡ ಮಾಡಿದೆ" ಅಂದ. ನನಗೆ ಬೇಕಾಗಿದ್ದದ್ದು ಆ ಮಾತು.

ಸ್ಟೆಲಾರಿಸ್ ಅನ್ನುವ ಇನ್ನೊಂದು ಬಾಹ್ಯಾಕಾಶದ ಆಟ ಆಡಿದವರಿಗೆ ಇದೇ ವಿಷಯ ಇನ್ನೊಂದು ರೂಪದಲ್ಲಿ ಗೊತ್ತಿರುತ್ತದೆ. 2016ರಲ್ಲಿ ಆ ಆಟ ಬಂದಾಗ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಲು ಮೂರು ದಾರಿ ಇತ್ತು: ಗೊತ್ತುಮಾಡಿದ ರಸ್ತೆಯಲ್ಲೇ ಹೋಗುವ ಹೈಪರ್‌ಲೇನ್, ರಸ್ತೆ ಇಲ್ಲದೆ ನೇರ ಹಾರುವ ವಾರ್ಪ್, ಸುರಂಗದ ಹಾಗಿನ ವರ್ಮ್‌ಹೋಲ್. ಕೇಳಲು ಚೆಂದ. ಆಡುವಾಗ ಗಡಿ ಅನ್ನುವುದಕ್ಕೆ ಅರ್ಥವೇ ಇರಲಿಲ್ಲ, ಯಾಕೆಂದರೆ ವಾರ್ಪ್‌ನವನು ನಿಮ್ಮ ಕೋಟೆಯನ್ನು ಬದಿಗೆ ಬಿಟ್ಟು ಹಿತ್ತಲಿಗೇ ಇಳಿಯುತ್ತಿದ್ದ. 2018ರ ಫೆಬ್ರವರಿಯ 2.0 ಆವೃತ್ತಿಯಲ್ಲಿ ಆ ಆಟದ ಕಂಪನಿ ಪ್ಯಾರಡಾಕ್ಸ್‌ನವರು ಶುರುವಿನಲ್ಲಿ ಎಲ್ಲರಿಗೂ ಹೈಪರ್‌ಲೇನ್ ಒಂದೇ ಅಂತ ಮಾಡಿದರು. ಆಗ ತುಂಬಾ ಜನ ಸಿಟ್ಟಾದರು, ವೈವಿಧ್ಯ ಹೋಯಿತು ಅಂದರು. ನನಗೆ ಅದು ಸರಿಯಾದ ನಿರ್ಧಾರ ಅಂತಲೇ ಅನ್ನಿಸುತ್ತದೆ. ಕಾವಲು ಕಾಯುವವನಿಗೆ ನಿಲ್ಲಲು ಒಂದು ಜಾಗ ಸಿಕ್ಕಿತು.

ನಮ್ಮಲ್ಲಿ ಒಬ್ಬ ಇನ್ನೂ ಸುಲಭದ ದಾರಿ ಹೇಳಿದ: ಎಲ್ಲರೂ ಒಂದೇ ಪಕ್ಷ ಆಡೋಣ, ಜಗಳವೇ ಇರುವುದಿಲ್ಲ. 1999ರ ಹೋಮ್‌ವರ್ಲ್ಡ್ ಹೆಚ್ಚುಕಡಿಮೆ ಹಾಗೇ ಇತ್ತು. ಕುಶಾನ್, ತೈದಾನ್ ಅಂತ ಎರಡು ಪಕ್ಷ, ಹಡಗುಗಳ ರೂಪ ಬೇರೆ, ಕೆಲಸ ಬಹುಪಾಲು ಒಂದೇ, ಒಂದೆರಡು ಹಡಗು ಮಾತ್ರ ಬೇರೆ ಬೇರೆ. ಅದು ಒಳ್ಳೆಯ ಆಟವೇ. ಆದರೆ ನಮ್ಮ ಗುಂಪಿಗೆ ಅದು ಹೊಂದುವುದಿಲ್ಲ. ಸೋಮವಾರಪೇಟೆಯವನು ಆಡ್ವೆಂಟ್ ಬಿಟ್ಟು ಬೇರೆ ಆಡುವುದೇ ಇಲ್ಲ, ಗ್ರಹದ ಜನ ದಂಗೆ ಎದ್ದು ಅವನ ಕಡೆ ಬರುವುದನ್ನು ನೋಡಲೆಂದೇ ಅವನು ಮಳೆಯಲ್ಲಿ ಬೈಕ್ ಹತ್ತಿ ಬರುತ್ತಾನೆ. ಅದನ್ನು ತೆಗೆದುಬಿಟ್ಟರೆ ಅವನು ಯಾಕೆ ಬರಬೇಕು?

ಇನ್ನು ಕಡಲ್ಗಳ್ಳರ ವಿಷಯ. ಆಟದಲ್ಲಿ ಪೈರೇಟ್ಸ್ ಇದ್ದಾರೆ, ಯಾರ ತಲೆ ಮೇಲೆ ಬೌಂಟಿ, ಅಂದರೆ ಬಹುಮಾನದ ದುಡ್ಡು, ಜಾಸ್ತಿ ಇದೆಯೋ ಅವರ ಮೇಲೆ ದಾಳಿಗೆ ಹೋಗುತ್ತಾರೆ. ಬೌಂಟಿ ಹಾಕುವವರು ಉಳಿದ ಆಟಗಾರರು. ಗೆಳೆಯರು ಕೂತಲ್ಲಿ ಇದು ಏನಾಗುತ್ತದೆ ಅಂತ ನೀವೇ ಊಹಿಸಿ. ಎಲ್ಲರೂ ಸೇರಿ ಒಬ್ಬನ ಮೇಲೆ ಹಾಕುತ್ತಾರೆ, ಅದೂ ಹೊಸಬನ ಮೇಲೆ. ನನ್ನ ತಮ್ಮ ಮೊದಲ ಸಲ ಆಡಿದಾಗ ಕಳ್ಳರು ಬಿಡದೆ ಅವನ ಮೇಲೇ ಬಿದ್ದರು. "ಅಣ್ಣ, ನನಗೆ ಇದು ಬೇಡ" ಅಂತ ಎದ್ದು ಒಳಗೆ ಹೋದ. ಆಮೇಲೆ ಅವನನ್ನು ಕರೆತರಲು ಕಷ್ಟವಾಯಿತು. ಆಟ ಶುರುವಾಗುವ ಮುಂಚೆ ಪೈರೇಟ್ಸ್ ಬೇಡ ಅಂತ ಆಯ್ಕೆ ಮಾಡಬಹುದು, ನಾವು ಬೇಡ ಅಂತ ಮಾಡಿದೆವು. ಆದರೆ ಇದರಲ್ಲಿ ಒಂದು ಸಿಕ್ಕು ಇದೆ. ಟಿಇಸಿ ರೆಬೆಲ್ ಪಕ್ಷದವರು ಪೈರೇಟ್ಸ್ ಜೊತೆ, ಒಡೆಯರಿಲ್ಲದ ಗ್ರಹಗಳ ಕಾವಲು ಪಡೆ ಜೊತೆ ಒಪ್ಪಂದ ಮಾಡಿಕೊಳ್ಳಬಹುದು, ಅದು ಅವರದೇ ವಿಶೇಷ. ಪೈರೇಟ್ಸ್ ಇಲ್ಲದಿದ್ದರೆ ಅದರ ಅರ್ಧ ಲಾಭ ಹೋಯಿತು. ಹಾಗಾಗಿ ಆ ಪಕ್ಷ ಆಡುವವನಿಗೆ ನಕ್ಷೆಯಲ್ಲಿ ಜಾಗ ಮೊದಲು ಆರಿಸುವ ಹಕ್ಕು ಕೊಟ್ಟೆವು. ಇದು ಸರಿಸಮ ಪರಿಹಾರವೋ ಅಲ್ಲವೋ, ಆಡುವವರು ಒಪ್ಪಿದ್ದಾರೆ.

ನೊವಾಲಿತ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟಿಇಸಿಯ ಆ ಫಿರಂಗಿ ಎಲ್ಲೋ ದೂರದಲ್ಲಿ ಕೂತು ನಿಮ್ಮ ಗ್ರಹದ ಜನಸಂಖ್ಯೆಯನ್ನು ಖಾಲಿ ಮಾಡುತ್ತದೆ. ಒಬ್ಬರಿಗೆ ಒಂದೇ ನೊವಾಲಿತ್, ಕಟ್ಟಲು ಶುರು ಮಾಡಿದ ಕೂಡಲೇ ಬಾಯಿಬಿಟ್ಟು ಹೇಳಬೇಕು ಅಂತ ನಿಯಮ ಹಾಕಿದೆವು. ಹೇಳಿದರೆ ಉಳಿದವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ, ಯುದ್ಧ ಶುರುವಾಗುತ್ತದೆ. ಅಷ್ಟರ ಮಟ್ಟಿಗೆ ಈ ಫಿರಂಗಿ ಆಟಕ್ಕೆ ಒಳ್ಳೆಯದೇ.

ಕಷ್ಟದ ವಿಷಯ ಬೇರೆ ಇತ್ತು, ಅದಕ್ಕೂ ಪಕ್ಷಕ್ಕೂ ಸಂಬಂಧವೇ ಇಲ್ಲ. ಈ ಆಟದಲ್ಲಿ ದೊಡ್ಡ ಪಡೆ ಬೇಕು ಅಂದರೆ ಫ್ಲೀಟ್ ಸಪ್ಲೈ, ಅಂದರೆ ಪಡೆಯ ಗಾತ್ರದ ಮಿತಿ, ಹೆಚ್ಚಿಸುವ ಸಂಶೋಧನೆ ಮಾಡಬೇಕು. ಪ್ರತಿ ಹಂತಕ್ಕೂ ನಿಮ್ಮ ಆದಾಯದಲ್ಲಿ ಒಂದು ಪಾಲು ಕಡಿತ ಆಗುತ್ತದೆ, ಮತ್ತೆ ವಾಪಸ್ ಬರುವುದಿಲ್ಲ. ಒಂದು ದೊಡ್ಡ ಕಾಳಗದಲ್ಲಿ ಪಡೆ ಪೂರ್ತಿ ಹೋಯಿತು ಅಂದುಕೊಳ್ಳಿ. ಹಡಗು ಇಲ್ಲ, ಆದರೆ ಹಡಗಿನ ಖರ್ಚು ಮಾತ್ರ ಕಡಿತ ಆಗುತ್ತಲೇ ಇರುತ್ತದೆ. ಆಳುಗಳು ಬಿಟ್ಟು ಹೋದ ಮೇಲೂ ಅವರ ವಾರದ ಬಟವಾಡೆ ಕೊಡುತ್ತಾ ಇರುವ ತೋಟದ ಹಾಗೆ. ಗೆದ್ದವನು ಗ್ರಹದ ಮೇಲೆ ಗ್ರಹ ಹಿಡಿಯುತ್ತಾನೆ, ಸೋತವನು ಕಡಿಮೆ ಆದಾಯದಲ್ಲಿ ಮೊದಲಿಂದ ಕಟ್ಟಬೇಕು. ನನ್ನ ನೋಟ್‌ಬುಕ್ಕಿನಲ್ಲಿ "ಆಟ ಕೈ ಬಿಟ್ಟದ್ದು ಯಾವಾಗ" ಅನ್ನುವುದಕ್ಕೆ ಜಾಸ್ತಿ ಬಂದ ಉತ್ತರ ಇದೇ: ಮೊದಲ ದೊಡ್ಡ ಕಾಳಗ ಸೋತಾಗ. ಆದರೆ ಆಟ ಅಲ್ಲಿಗೆ ನಿಲ್ಲುವುದಿಲ್ಲ, ಇನ್ನೂ ಗಂಟೆಗಟ್ಟಲೆ ಎಳೆಯುತ್ತದೆ.

ಕಡಿತ ಕಡಿಮೆ ಮಾಡೋಣ ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಕಡಿತ ಇಳಿಸಿದರೆ ಮುಂದೆ ಇರುವವನೂ ದೊಡ್ಡ ಪಡೆ ಸುಲಭದಲ್ಲಿ ಸಾಕುತ್ತಾನೆ, ಸೋತವನಿಗೆ ಅದರಿಂದ ಏನೂ ಬರುವುದಿಲ್ಲ. ಅದರ ಬದಲು ಒಂಟಿ ಆಟ ಬಿಟ್ಟು ಜೋಡಿ ಆಟಕ್ಕೆ ಬಂದೆವು, ಮೂರು ಜೋಡಿ. ಆಟದ ಒಳಗೇ ಮಿತ್ರನಿಗೆ ದುಡ್ಡು, ಲೋಹ, ಕ್ರಿಸ್ಟಲ್ ಕಳಿಸಬಹುದು. ಪಡೆ ಕಳೆದುಕೊಂಡವನಿಗೆ ಜೊತೆಗಾರ ದುಡ್ಡು ಕಳಿಸುತ್ತಾನೆ, ಅವನು ಸ್ಟಾರ್‌ಬೇಸ್ ಹಿಂದೆ ನಿಂತು ಮತ್ತೆ ಕಟ್ಟುತ್ತಾನೆ. ಟಿಇಸಿಯ ದುಡ್ಡು ಇಲ್ಲಿ ಹೊಸ ರೀತಿಯಲ್ಲಿ ಕೆಲಸಕ್ಕೆ ಬಂತು, ಗೆಲ್ಲುವ ಬಲ ಆಗಿದ್ದದ್ದು ಇನ್ನೊಬ್ಬನನ್ನು ಎತ್ತಿ ನಿಲ್ಲಿಸುವ ಬಲ ಆಯಿತು. ಟಿಇಸಿ, ವಸಾರಿ ಜೋಡಿ ತುಂಬಾ ಬಲವಾಗಿದೆ ಅನ್ನುವ ದೂರು ಈಗ ಇದೆ, ಇರಲಿ, ಜೋಡಿಗಳನ್ನು ಚೀಟಿ ಎತ್ತಿ ಮಾಡುತ್ತೇವೆ.

ಹೊತ್ತಿನ ವಿಷಯ ನಮಗೆ ಸಣ್ಣದಲ್ಲ. ಸಿದ್ದಾಪುರದ ಗೆಳೆಯನಿಗೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಹೋಗಲು ಆಗುವುದಿಲ್ಲ, ಆನೆ ಓಡಾಡುವ ಜಾಗ ಅದು. ಐದು ಗಂಟೆಗೆ ಅವನು ಹೊರಡಲೇಬೇಕು. ಮೊದಲೆಲ್ಲ ಅವನ ಸಾಮ್ರಾಜ್ಯವನ್ನು ಕಂಪ್ಯೂಟರ್‌ಗೆ ಬಿಟ್ಟು ಹೋಗುತ್ತಿದ್ದ, ಅವನಿಗೂ ಬೇಜಾರು, ನಮಗೂ ಬೇಜಾರು. ಸಾಲದ್ದಕ್ಕೆ ಈ ಆಟ ಹಳೆಯ 32 ಬಿಟ್‌ನದ್ದು, ಕಂಪ್ಯೂಟರ್‌ನ ಮೆಮೊರಿಯನ್ನು ಒಂದು ಮಿತಿಯವರೆಗೆ ಮಾತ್ರ ಬಳಸುತ್ತದೆ. ಹಡಗು ಜಾಸ್ತಿ ಆದ ಹಾಗೆ ನಿಧಾನ ಆಗುತ್ತದೆ, ಮತ್ತು ಲ್ಯಾನ್‌ನಲ್ಲಿ ಎಲ್ಲಕ್ಕಿಂತ ಹಳೆಯ ಲ್ಯಾಪ್‌ಟಾಪ್ ಹೇಗೋ ಎಲ್ಲರ ಆಟವೂ ಹಾಗೆ. ರೆಬೆಲಿಯನ್‌ನಲ್ಲಿ ಗೆಲುವಿನ ಬಗೆಗಳು ಹಲವು ಇವೆ. ನಾವು ರಾಜಧಾನಿ ಗ್ರಹ ಹೋದರೆ ಸೋತ ಹಾಗೆ ಅನ್ನುವುದನ್ನು ಇಟ್ಟುಕೊಂಡಿದ್ದೇವೆ. ನಕ್ಷೆ ಚಿಕ್ಕದು, ಹಡಗುಗಳ ವೇಗ, ಆದಾಯ ಎರಡೂ ಜಾಸ್ತಿ. ಬೆಳಿಗ್ಗೆ ಅಕ್ಕಿ ರೊಟ್ಟಿ ತಿಂದು ಕೂತರೆ ಸಂಜೆ ಒಳಗೆ ಮುಗಿಯುತ್ತದೆ. ಕರೆಂಟು ತುಂಬಾ ಹೊತ್ತು ಹೋಗಿ ಇನ್ವರ್ಟರ್ ಸತ್ತರೆ ಅಂತ ಆಗಾಗ ಸೇವ್ ಮಾಡಿಟ್ಟಿರುತ್ತೇವೆ, ಅದೇ ಗುಂಪು ಮತ್ತೆ ಸೇರಿದಾಗ ಅಲ್ಲಿಂದಲೇ ಮುಂದುವರಿಸಬಹುದು.

ಫೈಲ್ ತಿದ್ದುವವರಿಗೆ ಒಂದು ಮಾತು. ನೀವು ತಿದ್ದಿದ ಫೈಲ್‌ಗಳ ಕಟ್ಟು, ಅಂದರೆ ಮಾಡ್, ಎಲ್ಲರ ಕಂಪ್ಯೂಟರ್‌ನಲ್ಲೂ ಒಂದೇ ಥರ ಇರಬೇಕು. ಒಂದು ಅಂಕಿ ಹೆಚ್ಚುಕಮ್ಮಿ ಇದ್ದರೂ ಒಟ್ಟಿಗೆ ಆಡಲು ಬಿಡುವುದಿಲ್ಲ. ನಾನು ಪೂರ್ತಿ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟು ಬಂದ ಕೂಡಲೇ ಎಲ್ಲರಿಗೂ ಹಾಕುತ್ತೇನೆ. ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ಇನ್ನೂ ಬಗೆಹರಿಯದ್ದು ವೊರಾಸ್ಟ್ರಾ. ವಸಾರಿ ಲಾಯಲಿಸ್ಟ್‌ಗಳ ಟೈಟನ್ ಅದು, ಬೆಳೆದ ಮೇಲೆ ಬಾಯಿ ತೆರೆದು ಎದುರಿನ ಫ್ರಿಗೇಟ್‌ಗಳನ್ನು ಎಳೆದು ನುಂಗುತ್ತದೆ. ಒಂದು ಗುಂಡು ಹಾರಿಸುವ ಮೊದಲೇ ಪಡೆ ಕರಗುತ್ತದೆ. ಮಡಿಕೇರಿಯವರಿಬ್ಬರೂ ಇದನ್ನು ತೆಗೆಯಲೇಬೇಕು ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ, ಯಾಕೆಂದರೆ ಇದಕ್ಕೆ ಉತ್ತರ ಇದೆ, ಸಣ್ಣ ಹಡಗುಗಳನ್ನು ದೂರ ಇಟ್ಟು ಕ್ಯಾಪಿಟಲ್ ಶಿಪ್‌ಗಳನ್ನು ಮುಂದೆ ಬಿಟ್ಟು ಹೊಡೆಯಬಹುದು. ಅದಕ್ಕೆ ಅವರು, ಪಡೆ ಕಟ್ಟಿ ಆದ ಮೇಲೆ ಆ ಬುದ್ಧಿ ಬಂದು ಏನು ಪ್ರಯೋಜನ, ಎದುರಿನವನು ಯಾವ ಟೈಟನ್ ಕಟ್ಟುತ್ತಾನೆ ಅಂತ ಮೊದಲೇ ಗೊತ್ತಿರಬೇಕಲ್ವಾ ಅನ್ನುತ್ತಾರೆ. ಅವರ ಮಾತಿನಲ್ಲಿ ನ್ಯಾಯ ಇದೆ. ಈ ಸಲ ಮಳೆ ಹಿಡಿದ ಮೇಲೆ ಪಕ್ಷ ಆರಿಸಿದ ಕೂಡಲೇ ಲಾಯಲಿಸ್ಟೋ ರೆಬೆಲ್ಲೋ ಅಂತ ಎಲ್ಲರ ಮುಂದೆ ಹೇಳುವ ನಿಯಮ ಇಟ್ಟು ನೋಡುತ್ತೇವೆ, ವೊರಾಸ್ಟ್ರಾ ಇದ್ದ ಹಾಗೇ ಇರುತ್ತದೆ.