ಬಚ್ಚಲಿನ ಸೀಲಿಂಗ್‌ಗೆ ಟಾರ್ಚ್ ಅಡ್ಡ ಹಿಡಿಯಿರಿ

ಈಗಿನ ಹುಡುಗರ ಹೊಸ ಫ್ಲ್ಯಾಟ್ ನೋಡಲು ಹೋದಾಗಲೆಲ್ಲ ಬಚ್ಚಲಲ್ಲಿ ತಲೆ ಎತ್ತಿದರೆ ನನಗೆ ಸಿಟ್ಟು ಬರುತ್ತದೆ. ಗೋಡೆಗೆ ದುಬಾರಿ ಟೈಲ್ಸ್, ಥಳಥಳ ನಲ್ಲಿ. ಸೀಲಿಂಗ್ ಮಾತ್ರ ಉಬ್ಬು ತಗ್ಗು, ಕರಣೆ ಎಳೆದ ಗೆರೆ, ಮೂಲೆಯಲ್ಲಿ ಹಕ್ಕಳೆ. ಕೇಳಿದರೆ "ಕಾಕೂ, ಮೇಲೆ ಯಾರು ನೋಡ್ತಾರೆ?" ಅನ್ನುತ್ತಾರೆ. ಆಮೇಲೆ ಪೇಂಟರ್ ಕರೆದು ಹಕ್ಕಳೆಯ ಮೇಲೆಯೇ ಬಣ್ಣ ಬಳಿಸುತ್ತಾರೆ. ಅದು ಮುಂದಿನ ಮಳೆಗೆ ಬಕೆಟ್ಟಿನೊಳಗೆ ಉದುರುತ್ತದೆ. ದುಡ್ಡು ದಂಡ ಅಲ್ವಾ?

ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯಿರಿ. ಅಡುಗೆಮನೆಯ ಫಾಯಿಲ್ ಒಂದು ತುಂಡನ್ನು ಒದ್ದೆ ಜಾಗಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಹೊರಗೆ ಹನಿ ಕೂತರೆ ಅದು ನಿಮ್ಮ ಸ್ನಾನದ ಹಬೆ. ಒಳಗೆ ಒದ್ದೆಯಾದರೆ ಸ್ಲ್ಯಾಬ್ ಒಳಗಿನ ನೀರು. ಆಗ ಮೇಲಿನ ಮನೆಯವರ ಹತ್ತಿರ ಸಮಾಧಾನವಾಗಿ ಮಾತಾಡಿ. ಮುಂಬೈ ಕಡೆ ಹೌಸಿಂಗ್ ಸೊಸೈಟಿಯ ಬೈಲಾ ಪ್ರಕಾರ ಬಚ್ಚಲು, ಸಿಂಕ್‌ನ ಒಳಸೋರಿಕೆ ಆಯಾ ಮನೆಯವರ ಖರ್ಚು, ತಾರಸಿ ಸೋರಿದರೆ ಸೊಸೈಟಿಯದು. ಸೋರುವುದು ನಿಲ್ಲದೆ ಪುಟ್ಟಿಗೆ, ಅಂದರೆ ತಗ್ಗು ತುಂಬಿ ಮಟ್ಟ ಮಾಡುವ ಹಿಟ್ಟಿಗೆ, ಕೈ ಹಾಕಬೇಡಿ. ಹಾಂ, ಇನ್ನೊಂದು ಮಾತು. ವಾರವಾರ ಆಸಿಡ್ ಸುರಿದು ನೆಲ ತಿಕ್ಕುತ್ತೀರಲ್ಲ, ಅದನ್ನು ಬಿಡಿ. ಟೈಲ್ಸ್ ಸಂದಿಯ ಸಿಮೆಂಟನ್ನು ಆ ಆಸಿಡ್ ತಿಂದುಹಾಕುತ್ತದೆ. ಆಗ ನಿಮ್ಮ ನೀರು ಕೆಳಗಿನವರ ಸೀಲಿಂಗ್ ಕೆಡಿಸುತ್ತದೆ. ಸೋಪಿನ ಪುಡಿ, ಬ್ರಷ್ಷು ಸಾಕು.

ಸಿಮೆಂಟ್ ಚೂರು ಬಿದ್ದು ತುಕ್ಕು ಹಿಡಿದ ಸರಳು ಕಂಡರೆ ನೀವು ಮುಟ್ಟಲೇಬೇಡಿ. ಸೊಸೈಟಿಗೆ ಹೇಳಿ ಇಂಜಿನಿಯರ್ ಕರೆಸಿ.

ಕೆಲಸ ಮಳೆಗಾಲದಲ್ಲಿ ಬೇಡ. ನವರಾತ್ರಿ ಕಳೆದ ಮೇಲೆ ಹಿಡಿಯಿರಿ, ಗಾಳಿ ಒಣಗಿರುತ್ತದೆ. ಗೀಸರ್, ಫ್ಯಾನಿನ ಮೇನ್ ಆಫ್ ಮಾಡಿ. ನಹಾಣಿ ಟ್ರ್ಯಾಪ್‌ಗೆ, ಅಂದರೆ ನೆಲದ ನೀರು ಹೋಗುವ ಜಾಲರಿಗೆ, ಪ್ಲಾಸ್ಟಿಕ್ ಕಟ್ಟಿ. ಪುಟ್ಟಿ ಒಳಗೆ ಹೋಗಿ ಗಟ್ಟಿಯಾದರೆ ಪ್ಲಂಬರ್‌ಗೆ ಬೇರೆ ಕೊಡಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ. ಸಡಿಲವಾದದ್ದನ್ನೆಲ್ಲ ಕೆರೆಯಿರಿ, ಟೊಳ್ಳು ಸದ್ದು ಬರುವಲ್ಲಿ ಇನ್ನೂ ಕೆರೆಯಿರಿ. ಬಿಲ್ಡರ್ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೆತ್ತಿದ್ದರೆ ಪೂರ್ತಿ ತೆಗೆಸಿ. ಪಿಒಪಿ ಮನೆಯ ಹಾಲ್‌ಗೆ ಸರಿ. ಬಚ್ಚಲಿನ ಹಬೆಗೆ ಅದು ನೀರು ಹೀರಿ ಮೆತ್ತಗಾಗುತ್ತದೆ. ಕಪ್ಪು ಬೂಸ್ಟು ಇದ್ದರೆ ಕಿಟಕಿ ತೆರೆದು ಬ್ಲೀಚಿಂಗ್ ನೀರಿನಲ್ಲಿ ಒರೆಸಿ, ತೊಳೆದು, ಚೆನ್ನಾಗಿ ಒಣಗಿಸಿ. ಬ್ಲೀಚಿಂಗ್ ಜೊತೆ ಆಸಿಡ್ ಮಾತ್ರ ಸೇರಿಸಬೇಡಿ. ಅದರಿಂದ ಏಳುವ ಕ್ಲೋರಿನ್ ವಿಷ.

ಬಿಳಿ ಸಿಮೆಂಟ್ ಪುಟ್ಟಿಯನ್ನೇ ತನ್ನಿ. ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ, ಗಂಟಿಲ್ಲದೆ ಕಲಸಿ. ಸ್ವಲ್ಪ ಸ್ವಲ್ಪ ಕಲಸಿ, ಬಿಗಿಯಾದದ್ದಕ್ಕೆ ಮತ್ತೆ ನೀರು ಹಾಕಬೇಡಿ. ಸೀಲಿಂಗ್‌ಗೆ ನೀರು ಚಿಮುಕಿಸಿ ತೆಳ್ಳಗೆ ಒಂದು ಕೈ ಎಳೆಯಿರಿ. ದಪ್ಪ ಮೆತ್ತಿದರೆ ಬಿರುಕು ಖಂಡಿತ. ಒಂದು ರಾತ್ರಿ ಒಣಗಲಿ.

ಈಗ ನಾನು ಹೇಳುವುದನ್ನು ಗಮನ ಕೊಟ್ಟು ಕೇಳಿ. ಇದನ್ನು ಯಾರೂ ಮಾಡುವುದಿಲ್ಲ. ಕತ್ತಲಾದ ಮೇಲೆ ಬಚ್ಚಲಿನ ದೀಪ ಆರಿಸಿ. ಗಟ್ಟಿ ಸ್ಟೂಲು ಹತ್ತಿ, ಕೆಳಗೆ ಒಬ್ಬರು ಹಿಡಿದುಕೊಂಡಿರಲಿ. ಟಾರ್ಚನ್ನು ಸೀಲಿಂಗ್‌ಗೆ ತಾಗುವಷ್ಟು ಹತ್ತಿರ ಅಡ್ಡ ಹಿಡಿಯಿರಿ, ಬೆಳಕು ಮೈ ಸವರಿಕೊಂಡು ಹೋಗಬೇಕು. ನೇರ ಬೆಳಕಿನಲ್ಲಿ ಮುಚ್ಚಿಹೋಗಿದ್ದ ಉಬ್ಬೆಲ್ಲ ನೆರಳು ಬೀಳಿಸಿ ಎದ್ದು ಕಾಣುತ್ತದೆ. ಉಬ್ಬಿಗೆ ಸೊನ್ನೆ, ತಗ್ಗಿಗೆ ಕತ್ತರಿ ಗುರುತು ಹಾಕಿ. ಸೀಸದಕಡ್ಡಿಯಲ್ಲಿ ಹಾಕಿ, ಪೆನ್ನು ಬೇಡ, ಶಾಯಿ ಬಣ್ಣದ ಮೇಲೆ ಎದ್ದುಬರುತ್ತದೆ. ಒಂದು ಗೋಡೆಯಿಂದ ನೋಡಿ ಇಳಿಯಬೇಡಿ. ಪಕ್ಕದ ಗೋಡೆಯಿಂದಲೂ ಹಿಡಿಯಿರಿ. ಬೆಳಕಿನ ದಿಕ್ಕಿಗೇ ಓಡುವ ಕರಣೆ ಗೆರೆ ಒಂದು ಕಡೆಯಿಂದ ಕಾಣುವುದಿಲ್ಲ. ಬೆಳಿಗ್ಗೆ ಮರದ ತುಂಡಿಗೆ ಉಪ್ಪು ಕಾಗದ ಸುತ್ತಿ ಸೊನ್ನೆಗಳನ್ನು ಉಜ್ಜಿ. ಬರಿ ಬೆರಳಿಂದ ಉಜ್ಜಿದರೆ ಹೊಸ ತಗ್ಗು ಮಾಡುತ್ತೀರಿ. ಕತ್ತರಿ ಗುರುತಿಗೆ ಮಾತ್ರ ಪುಟ್ಟಿ ತುಂಬಿ. ಒಣಗಿಸಿ, ರಾತ್ರಿ ಮತ್ತೆ ಟಾರ್ಚ್. ನೆರಳು ಬೀಳದಿರುವ ತನಕ ಬಿಡಬೇಡಿ. ಕೊನೆಗೆ ಕಣ್ಣು ಮುಚ್ಚಿ ಅಂಗೈ ಸವರಿ, ಕಣ್ಣಿಗೆ ತಪ್ಪಿದ್ದನ್ನು ಕೈ ಹಿಡಿಯುತ್ತದೆ.

ಇದು ನನ್ನ ಅತ್ತೆಯಿಂದ ಬಂದದ್ದು. ಮುಂಬೈನ ಮಾಟುಂಗಾದ ಚಾಳಿನಲ್ಲಿ, ಅಂದರೆ ಒತ್ತೊತ್ತಾದ ಸಾಲುಮನೆಯಲ್ಲಿ, ದೀಪಾವಳಿಗೆ ಮುಂಚೆ ಗಾರೆಯವನು ಮುಗಿಯಿತು ಅಂದ ಕೂಡಲೇ ಅವರು ಕಂದೀಲು ತಂದು ಗೋಡೆಗೆ ಅಡ್ಡ ಹಿಡಿಯುತ್ತಿದ್ದರು. ಅವನು ಸುಮ್ನೆ ಮತ್ತೆ ಕರಣೆ ಎತ್ತಿಕೊಳ್ಳುತ್ತಿದ್ದ. ಆಮೇಲೆ ಸುಣ್ಣ. ಸುಣ್ಣದ ಖಾರಕ್ಕೆ ಬೂಸ್ಟು ಬೇಗ ಹತ್ತುತ್ತಿರಲಿಲ್ಲ. ಈಗಲೂ ಸುಣ್ಣ ಹೊಡೆಸುವವರಿದ್ದರೆ ನನಗೆ ಸಂತೋಷ.

ಬಣ್ಣವೇ ಬೇಕಾದರೆ ಧೂಳು ಒರೆಸಿ, ಪ್ರೈಮರ್ ಹೊಡೆದು, ಬೂಸ್ಟು ತಡೆಯುವ ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಎರಡು ಕೈ ಹಚ್ಚಿ. ಡಿಸ್ಟೆಂಪರ್ ಅಗ್ಗ ಅಂತ ತರಬೇಡಿ, ಹಬೆಗೆ ನಿಲ್ಲುವುದಿಲ್ಲ. ಬಣ್ಣ ಪೂರ್ತಿ ಗಟ್ಟಿಯಾಗುವವರೆಗೆ ಕೆಲವು ದಿನ ಅಲ್ಲಿ ಬಿಸಿನೀರಿನ ಸ್ನಾನ ಬೇಡ. ಎರಡನೇ ಬಚ್ಚಲಿಲ್ಲದಿದ್ದರೆ ಅಣ್ಣನ ಮನೆಗೋ ಪಕ್ಕದವರ ಮನೆಗೋ ಹೋಗಿ ಬನ್ನಿ. ಆಮೇಲೂ ಸ್ನಾನವಾದ ತಕ್ಷಣ ಎಕ್ಸಾಸ್ಟ್ ಫ್ಯಾನ್ ಆರಿಸಬೇಡಿ, ಹಬೆ ಪೂರ್ತಿ ಹೋಗುವ ತನಕ ತಿರುಗಲಿ.