ಎರಿಗೆ ಬಿಳಿ ಮುಚ್ಚಳ ಬೀಳಲಿ, ಆಮೇಲೆ ಜೇನು ತೆಗೆಯಿರಿ

ಮೊದಲ ವರ್ಷ ನಾನು ಮಾಡಿಕೊಂಡ ಎಡವಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಫೆಬ್ರವರಿ ಕೊನೆಯಲ್ಲಿ ಜೇನುಪೆಟ್ಟಿಗೆ ತೆರೆದಾಗ, ಜೇನುನೊಣಗಳು ಮೇಣದ ಕೋಶಗಳಿಂದ ಕಟ್ಟಿದ ಎರಿ ತುಂಬ ಜೇನು ಫಳಫಳ ಹೊಳೆಯುತ್ತಿತ್ತು. ತಡೆದುಕೊಳ್ಳಲಾಗಲಿಲ್ಲ, ಅವತ್ತೇ ತೆಗೆದೆ, ಒಂದೂವರೆ ಬಾಟಲಿ ಸಿಕ್ಕಿತು, ಕೇರಿಗೆಲ್ಲ ಹೇಳಿಕೊಂಡೂ ಬಂದೆ. ಮೂರು ವಾರಕ್ಕೆ ಬಾಟಲಿಯಲ್ಲಿ ನೊರೆ. ಮುಚ್ಚಳ ತಿರುಗಿಸಿದರೆ ಠಪ್ ಅಂತ ಹಾರಿತು, ಅಡುಗೆಮನೆಯೆಲ್ಲ ಹುಳಿ ವಾಸನೆ. ಹೂವಿನ ಮಕರಂದದಲ್ಲಿ ಜಾಸ್ತಿ ಇರುವುದು ನೀರೇ. ನೊಣಗಳು ಹಗಲು ರಾತ್ರಿ ರೆಕ್ಕೆ ಬೀಸಿ ಅದನ್ನು ಶೇ 20ರ ಆಸುಪಾಸಿಗೆ ಇಳಿಸಿ, ಆಮೇಲಷ್ಟೇ ಕೋಶದ ಬಾಯಿಗೆ ಮೇಣದ ಮುಚ್ಚಳ ಹಾಕುತ್ತವೆ. ನಾನು ತೆಗೆದದ್ದು ಮುಚ್ಚಳ ಬೀಳದ ಹಸಿ ಜೇನು.

ಪೆಟ್ಟಿಗೆ ಇಡುವುದು

ಹೆಜ್ಜೇನು, ಕೋಲುಜೇನು ಪೆಟ್ಟಿಗೆಗೆ ಒಗ್ಗುವುದಿಲ್ಲ. ಬಯಲಲ್ಲಿ ಒಂದೇ ಎರಿ ಕಟ್ಟುವ ಜಾತಿ ಅವು. ನಮಗೆ ಬೇಕಾದ್ದು ತುಡುವೆ. ಮರದ ಪೊಟರೆ, ಹುತ್ತದಂಥ ಕತ್ತಲಲ್ಲಿ ಸಾಲಾಗಿ ಎರಿ ಕಟ್ಟುತ್ತದಲ್ಲ, ಅದು. ಮಲೆನಾಡು, ಕರಾವಳಿ, ಕೊಡಗಿನ ಹಿತ್ತಿಲಲ್ಲಿ ಸಾಕುವುದು ಹೆಚ್ಚಾಗಿ ಇದನ್ನೇ. ಹೊಸಬರು ಪಕ್ಕದೂರಿನ ಸಾಕುವವರಿಂದ ಒಂದು ಗಟ್ಟಿ ಕುಟುಂಬ, ಅಂದರೆ ರಾಣಿ ಸಮೇತ ನೊಣಗಳ ಇಡೀ ಹಿಂಡು, ಕೊಳ್ಳುವುದು ವಾಸಿ. ದೂರದಿಂದ ತರಿಸಬೇಡಿ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳನ್ನು ಹೆಚ್ಚುಕಮ್ಮಿ ಖಾಲಿ ಮಾಡಿಬಿಟ್ಟಿತ್ತು, ಆ ಹೆದರಿಕೆ ಹಳಬರಿಗೆ ಇನ್ನೂ ಹೋಗಿಲ್ಲ.

ಜಾಗ ನೆರಳಿರಲಿ, ಬಾಗಿಲು ಪೂರ್ವಕ್ಕಿದ್ದರೆ ಒಳ್ಳೆಯದು. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಕಡ್ಡಾಯ. ಎರಡು ದಿನ ನೀರು ಒಣಗಿದರೆ ಸಾಕು, ಇರುವೆ ಹತ್ತಿ ಕುಟುಂಬವೇ ಎದ್ದು ಹೋಗುತ್ತದೆ.

ತೆರೆದು ನೋಡುವುದು

ವಾರಕ್ಕೊಮ್ಮೆ ಸಾಕು, ಸುಮ್ನೆ ದಿನಾ ಮುಚ್ಚಳ ಎತ್ತಬೇಡಿ. ಬಿಸಿಲು ಬಂದಮೇಲೆ, ಪೆಟ್ಟಿಗೆಯ ಹಿಂದೆ ನಿಂತು, ತೆಂಗಿನ ನಾರಿನ ತೆಳು ಹೊಗೆ ಕೊಟ್ಟು ತೆರೆಯಿರಿ. ಅದಕ್ಕೂ ಮೊದಲು ಬಾಳೆಹಣ್ಣು ತಿನ್ನಬೇಡಿ. ತಮಾಷೆಯಲ್ಲ, ನೊಣ ಕಚ್ಚಿದಾಗ ಉಳಿದವಕ್ಕೆ ಕೊಡುವ ಎಚ್ಚರಿಕೆಯ ವಾಸನೆ ಥೇಟ್ ಬಾಳೆಹಣ್ಣಿನದೇ. ಕಚ್ಚಿದರೆ ಮುಳ್ಳನ್ನು ಚಿವುಟದೆ ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ. ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ರಾಣಿಯನ್ನು ಹುಡುಕುತ್ತಾ ಕೂರಬೇಡಿ. ಎರಿಯನ್ನು ಬಿಸಿಲಿಗೆ ವಾರೆ ಮಾಡಿ ಕೋಶದ ತಳ ನೋಡಿ. ಬಿಳಿ ದಾರದ ತುಂಡಿನ ಹಾಗೆ ಒಂದೊಂದು ಮೊಟ್ಟೆ ನೆಟ್ಟಗೆ ನಿಂತಿದೆಯಾ? ಹಾಗಿದ್ದರೆ ಕಳೆದ ಮೂರು ದಿನದೊಳಗೆ ರಾಣಿ ಅಲ್ಲಿ ಓಡಾಡಿದ್ದಾಳೆ, ಪೆಟ್ಟಿಗೆ ಮುಚ್ಚಿ ಕಾಫಿಗೆ ಹೋಗಿ.

ಜೇನು ತೆಗೆಯುವುದು

ಎರಿಯ ಮುಕ್ಕಾಲು ಭಾಗಕ್ಕಾದರೂ ಬಿಳಿ ಮುಚ್ಚಳ ಬಿದ್ದಿರಬೇಕು. ನನ್ನದು ಈಗ ಅದೊಂದೇ ನಿಯಮ. ಮೇಲಿನ ಕೋಣೆಯ ಎರಿಗಳನ್ನು ಮಾತ್ರ ಮುಟ್ಟಿ. ಕೆಳಗಿನದು ಮೊಟ್ಟೆ ಮರಿಗಳ ಸಂಸಾರ, ಅಲ್ಲಿರುವ ಜೇನು ಅವುಗಳದ್ದೇ. ಚಾಕುವನ್ನು ಬಿಸಿನೀರಿಗೆ ಅದ್ದಿ ಒರೆಸಿ ಮುಚ್ಚಳವನ್ನು ತೆಳ್ಳಗೆ ಹೆರೆದು, ಎರಿಯನ್ನು ಜೇನು ತೆಗೆಯುವ ಯಂತ್ರಕ್ಕಿಟ್ಟು ತಿರುಗಿಸಿದರೆ ಜೇನು ಸಿಡಿದು ಪಾತ್ರೆಯ ಗೋಡೆಯಿಂದ ಇಳಿಯುತ್ತದೆ. ನಿಧಾನಕ್ಕೆ ತಿರುಗಿಸಿ, ಎರಿ ಮುರಿಯದಿದ್ದರೆ ಅದನ್ನೇ ವಾಪಸ್ ಇಡಬಹುದು, ನೊಣಗಳಿಗೆ ಮತ್ತೆ ಮೇಣ ಕಟ್ಟುವ ದಂಡ ತಪ್ಪುತ್ತದೆ. ಮೇ ತಿಂಗಳ ನಡುವಿಗೆ ನಾನು ನಿಲ್ಲಿಸಿಬಿಡುತ್ತೇನೆ. ಮಳೆಗಾಲದಲ್ಲಿ ಅವಕ್ಕೂ ಊಟ ಬೇಕಲ್ವಾ? ಕುಟುಂಬ ಬಡವಾದರೆ ಸಕ್ಕರೆ, ನೀರು ಸಮಸಮ ಕಲಸಿ ಸಂಜೆ ಹೊತ್ತಿನಲ್ಲಿ ಪೆಟ್ಟಿಗೆಯ ಒಳಗೇ ಇಡಿ. ಹೊರಗೆ ಚೆಲ್ಲಿದರೆ ಬೇರೆ ಪೆಟ್ಟಿಗೆಯ ನೊಣಗಳು ದರೋಡೆಗೆ ಬರುತ್ತವೆ.

ಅಡುಗೆಮನೆಗೆ ಬಂದಮೇಲೆ

ಒಂದೇ ಹಿತ್ತಿಲಿನ ಜೇನು ಮಾರ್ಚಿನಲ್ಲಿ ಒಂದು ರುಚಿ, ನೇರಳೆ ಹೂವಾದ ಮೇಲೆ ಇನ್ನೊಂದು. ಆಗಿನದು ಬಣ್ಣ ಗಾಢ, ನಾಲಿಗೆಯ ಕೊನೆಗೆ ಸಣ್ಣ ಒಗರು. ಕುದಿಸಿದರೆ ಈ ವ್ಯತ್ಯಾಸವೆಲ್ಲ ಹೋಗಿ ಬರೀ ಸಿಹಿ ಉಳಿಯುತ್ತದೆ, ಅದಕ್ಕೆ ಸಕ್ಕರೆಯೇ ಸಾಕಿತ್ತು. ಹಾಗಾಗಿ ಒಲೆ ಆರಿಸಿ, ತಟ್ಟೆಗೆ ಬಡಿಸಿದ ಮೇಲೆ ಜೇನು ಹಾಕಿ. ಕಾವಲಿಯಿಂದ ಇಳಿದ ತೆಳ್ಳೇವು, ಮೇಲೆ ಒಂದು ಚಮಚ ಜೇನು, ಬೇರೇನೂ ಬೇಡ. ಬಾಳೆಹಣ್ಣಿನ ರಸಾಯನಕ್ಕೆ ಬೆಲ್ಲ ಅರ್ಧ ಮಾಡಿ, ಕಾಯಿಹಾಲು ಬೆರೆಸಿದ ಮೇಲೆ ಜೇನು ಸೇರಿಸಿ ನೋಡಿ.

ಜೇನು ನೆಲ್ಲಿಗೆ ಮಾತ್ರ ತಾಳ್ಮೆ ಬೇಕು. ನೆಲ್ಲಿಕಾಯಿಯನ್ನು ಹಬೆಯಲ್ಲಿ ಬೇಯಿಸಿ, ಎಸಳು ಬಿಡಿಸಿ, ಬಟ್ಟೆಯ ಮೇಲೆ ಎರಡು ದಿನ ಆರಲು ಬಿಡಿ. ಮುಟ್ಟಿದರೆ ಕೈಗೆ ತೇವ ಅಂಟಬಾರದು. ಆಮೇಲೆ ಗಾಜಿನ ಬಾಟಲಿಯಲ್ಲಿ ಮುಳುಗುವಷ್ಟು ಜೇನು. ನೀರು ಬಿಟ್ಟು ತೆಳ್ಳಗಾದರೆ ಫ್ರಿಜ್ಜಿಗೆ ಸೇರಿಸಿ, ಇಲ್ಲವಾದರೆ ನನ್ನ ಮೊದಲ ಬಾಟಲಿಯ ಕಥೆಯೇ.

ಜೇನು ಹರಳುಗಟ್ಟಿದರೆ ಕಲಬೆರಕೆ ಅಂದುಕೊಂಡು ಎಸೆಯಬೇಡಿ. ಗ್ಲೂಕೋಸ್ ಜಾಸ್ತಿಯಿದ್ದರೆ ಶುದ್ಧ ಜೇನೂ ಗಟ್ಟಿಯಾಗುತ್ತದೆ, ಬಾಟಲಿಯನ್ನು ಉಗುರುಬೆಚ್ಚನೆಯ ನೀರಲ್ಲಿಟ್ಟರೆ ಕರಗುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ನೆಕ್ಕಿಸಬೇಡಿ, ಅಜ್ಜಿ ಎಷ್ಟೇ ಒತ್ತಾಯ ಮಾಡಲಿ. ಬೊಟುಲಿಸಂ ಎಂಬ ಕಾಯಿಲೆಯ ಅಪಾಯವಿದೆ.

ಇನ್ನು ಹೆರೆದ ಆ ಮುಚ್ಚಳಗಳು. ಅವುಗಳಲ್ಲಿ ಅರ್ಧಕ್ಕರ್ಧ ಜೇನು ಅಂಟಿರುತ್ತದೆ. ಒಂದು ತಪ್ಪಲೆ ತಣ್ಣೀರಿಗೆ ಹಾಕಿ ಕಿವುಚಿ ಸೋಸಿ, ಲಿಂಬೆ ಹಿಂಡಿ, ಏಲಕ್ಕಿ ಜಜ್ಜಿ ಹಾಕಿದರೆ ಏಪ್ರಿಲ್ ಸೆಕೆಗೆ ಪಾನಕ. ನಮ್ಮ ಮನೆಯಲ್ಲಿ ಜೇನಿಗಿಂತ ಇದಕ್ಕೇ ಜಗಳ. ಸೋಸಣಿಗೆಯಲ್ಲಿ ಉಳಿದ ಮೇಣವನ್ನು ಕರಗಿಸಿ ಹಳೆ ಮಡಿಕೆಯ ಒಳಗೆ ಸವರಿ ಹಲಸಿನ ಮರಕ್ಕೆ ಕಟ್ಟಿಡಿ. ಮಳೆಗಾಲ ಮುಗಿದು ಕುಟುಂಬಗಳು ಪಾಲಾಗುವ ಹೊತ್ತಿಗೆ, ವಾಸನೆ ಹಿಡಿದು ಒಂದು ಹಿಂಡು ತಾನಾಗೇ ಬಂದು ಕೂತರೂ ಕೂತೀತು.